ಶಕ್ತಿತಸ್ತಪ: ತನ್ನ ಬಲವನ್ನರಿತು ನಿಯಮ ಹಿಡಿಯುವ ಬಗೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಹತ್ತು ದಿನ ದಶಲಕ್ಷಣ ಪರ್ವ. ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳಲ್ಲಿ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಎಂಟೆಂಟು ದಿನ ಅಷ್ಟಾಹ್ನಿಕ ಪರ್ವ. ಪ್ರತಿ ತಿಂಗಳೂ ಎರಡು ಅಷ್ಟಮಿ, ಎರಡು ಚತುರ್ದಶಿ. ಇವುಗಳ ನಡುನಡುವೆ ಮನೆಯ ಹೆಣ್ಣುಮಕ್ಕಳು ಹಿಡಿಯುವ ನೋಂಪಿಗಳು. ಹೀಗೆ ಶ್ರಾವಕರ ವರ್ಷವೆಲ್ಲವೂ ವ್ರತನಿಯಮಗಳಿಂದ ಹೆಣೆದುಕೊಂಡಿದೆ. ಪರ್ವವು ಸಮೀಪಿಸಿದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: “ಈ ಸಲ ಎಷ್ಟು ಉಪವಾಸ?” ಆದರೆ “ನನಗೆ ತಕ್ಕ ನಿಯಮ ಯಾವುದು?” ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವವರು ವಿರಳ. ಈ ಪಾಠವು ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ಈ ಪ್ರಶ್ನೆ ಆಲಸ್ಯದಿಂದ ಹುಟ್ಟಿದ್ದಲ್ಲ. ತಪಸ್ಸಿನಿಂದ ನುಣುಚಿಕೊಳ್ಳುವ ಉಪಾಯವೂ ಅಲ್ಲ. ಆಗಮವೇ ಇದನ್ನು ನಮ್ಮ ಮುಂದೆ ಇಟ್ಟಿದೆ. ಇದಕ್ಕೆ ಸರಿಯಾದ ಉತ್ತರವನ್ನು ಕಂಡುಕೊಳ್ಳದೆ ವ್ರತ ಹಿಡಿದವರಲ್ಲಿ ಕೆಲವರು ದೇಹಕ್ಕೂ ಮತ್ತೆ ಕೆಲವರು ಭಾವಕ್ಕೂ ಹಾನಿ ತಂದುಕೊಳ್ಳುತ್ತಾರೆ.

೧. ಸೂತ್ರದಲ್ಲಿ ‘ಶಕ್ತಿ’ ಎಂಬ ಪದದ ಸ್ಥಾನ

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ತೀರ್ಥಂಕರ ನಾಮಕರ್ಮದ ಆಸ್ರವಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ಎಣಿಸಿದ್ದಾರೆ. ಷೋಡಶಕಾರಣ ಪೂಜೆಯನ್ನು ಮಾಡುವ ಪ್ರತಿಯೊಂದು ಮನೆಗೂ ಈ ಪಟ್ಟಿ ಪರಿಚಿತ. ದರ್ಶನವಿಶುದ್ಧಿಯಿಂದ ಆರಂಭವಾಗುವ ಈ ಸಾಲಿನಲ್ಲಿ ಆರನೆಯದು ಶಕ್ತಿತಸ್ತ್ಯಾಗ, ಏಳನೆಯದು ಶಕ್ತಿತಸ್ತಪ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹದಿನಾರು ಭಾವನೆಗಳಲ್ಲಿ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವು ವಿನಯಕ್ಕೆ ಇಲ್ಲ, ಸಂವೇಗಕ್ಕೆ ಇಲ್ಲ, ಅರ್ಹದ್ಭಕ್ತಿಗೂ ಇಲ್ಲ. ತ್ಯಾಗ ಮತ್ತು ತಪ ಎಂಬ ಎರಡಕ್ಕೆ ಮಾತ್ರ ಅದು ಸೇರಿದೆ. ವಿನಯಕ್ಕೆ ಬೇಕಾದುದು ಮನಸ್ಸು. ಕೊಡುವುದಕ್ಕೂ ತಪಿಸುವುದಕ್ಕೂ ಮನಸ್ಸಿನೊಡನೆ ಧನಬಲ, ದೇಹಬಲಗಳೂ ಬೇಕು. ಆ ಬಲಗಳು ಎಲ್ಲರಲ್ಲೂ ಸಮಾನವಾಗಿಲ್ಲವೆಂಬುದು ಪ್ರತ್ಯಕ್ಷ.

ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ಬರೆದ ಪೂಜ್ಯಪಾದ ಆಚಾರ್ಯರು ಶಕ್ತಿತಸ್ತಪಕ್ಕೆ ಎರಡು ಎಲ್ಲೆಗಳನ್ನು ಹಾಕಿದ್ದಾರೆ. ಇರುವ ಬಲವನ್ನು ಅಡಗಿಸಿಡಬಾರದೆಂಬುದು ಮೊದಲನೆಯ ಎಲ್ಲೆ. ದೇಹವನ್ನು ದಂಡಿಸುವ ಕ್ರಿಯೆಯು ಮೋಕ್ಷಮಾರ್ಗಕ್ಕೆ ಅಡ್ಡಿಯಾಗಬಾರದೆಂಬುದು ಎರಡನೆಯದು. ಗಟ್ಟಿಮುಟ್ಟಾದ ಯುವಕನು ‘ನನ್ನಿಂದಾಗದು’ ಎಂದು ಅಷ್ಟಮಿಯಂದು ಮೂರು ಹೊತ್ತೂ ಉಂಡರೆ ಅವನು ಮೊದಲನೆಯ ಎಲ್ಲೆಯನ್ನು ಮುರಿದನು. ಕಾಯಿಲೆಯಿಂದ ಕೃಶನಾದ ವೃದ್ಧನು ‘ಜನ ಏನೆಂದಾರು’ ಎಂಬ ಅಂಜಿಕೆಯಿಂದ ನೀರನ್ನೂ ಬಿಟ್ಟು, ಸಾಮಾಯಿಕಕ್ಕೆ ಕುಳಿತಲ್ಲೇ ತಲೆ ಸುತ್ತಿ ಬಿದ್ದರೆ ಅವನು ಎರಡನೆಯ ಎಲ್ಲೆಯನ್ನು ಮೀರಿದನು. ಮೊದಲನೆಯವನ ದೋಷವನ್ನು ನಾವು ಬೇಗ ಗುರುತಿಸುತ್ತೇವೆ. ಎರಡನೆಯವನ ದೋಷವನ್ನು ಬಹಳ ಸಲ ಶ್ರದ್ಧೆಯೆಂದು ಕೊಂಡಾಡುತ್ತೇವೆ.

ಇನ್ನೂ ಒಂದು ಮಾತು. ಶಕ್ತಿತಸ್ತಪದ ಬೆನ್ನಿಗೇ ಬರುವ ಭಾವನೆಗಳು ಸಾಧುಸಮಾಧಿ ಮತ್ತು ವೈಯಾವೃತ್ತ್ಯ. ತಪಸ್ವಿಗೆ ಒದಗಿದ ವಿಘ್ನವನ್ನು ನಿವಾರಿಸುವುದು, ದಣಿದವರ ಹಾಗೂ ರೋಗಿಗಳಾದವರ ಸೇವೆ ಮಾಡುವುದು ಇವುಗಳ ತಾತ್ಪರ್ಯ. ತಪಸ್ಸನ್ನು ಹೇಳಿದ ಕೂಡಲೇ ತಪಸ್ವಿಯ ಆರೈಕೆಯನ್ನೂ ಹೇಳಿರುವುದನ್ನು ಮನಸ್ಸಿನಲ್ಲಿಟ್ಟು ಮುಂದುವರಿಯೋಣ.

೨. ಸಮಂತಭದ್ರ ಆಚಾರ್ಯರ ದೃಷ್ಟಾಂತ

ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಕಾಲದಲ್ಲಿ ಮಾನ್ಯಪುರವೆಂಬ ರಾಜಧಾನಿಯಾಗಿತ್ತು. ಅಲ್ಲಿ ಸೇನಾನಿ ಶ್ರೀವಿಜಯನು ಕಟ್ಟಿಸಿದ ಜಿನಾಲಯಕ್ಕೆ ದತ್ತಿ ಕೊಟ್ಟುದನ್ನು ಕ್ರಿ.ಶ. 797ರ ತಾಮ್ರಶಾಸನವು ತಿಳಿಸುತ್ತದೆ. ಅದೇ ಗಂಗವಂಶದ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ ಸಮಾಧಿಯನ್ನು ಹೊಂದಿದುದು ಕ್ರಿ.ಶ. 974ರ ಸುಮಾರಿಗೆ. ಇದಕ್ಕೆ ಶ್ರವಣಬೆಳಗೊಳದ ಶಿಲಾಲೇಖವೇ ಸಾಕ್ಷಿ. ಇಂತಹ ಮಹಾತ್ಯಾಗಿಗಳ ಹೆಸರನ್ನು ಕೇಳುತ್ತ ಬೆಳೆದ ನಮಗೆ ಕಠಿಣವಾದುದೇ ಶ್ರೇಷ್ಠವೆಂಬ ಎಣಿಕೆ ಸಹಜವಾಗಿ ಬಂದುಬಿಡುತ್ತದೆ. ಆದರೆ ನಮ್ಮ ಪರಂಪರೆಯು ಇನ್ನೊಂದು ದೃಷ್ಟಾಂತವನ್ನೂ ಅಷ್ಟೇ ಆದರದಿಂದ ಕಾಪಾಡಿಕೊಂಡು ಬಂದಿದೆ.

ಶ್ರಾವಕಾಚಾರದ ಕೈಪಿಡಿಯೆನಿಸಿದ ರತ್ನಕರಂಡಕವನ್ನು ರಚಿಸಿದ ಸಮಂತಭದ್ರ ಆಚಾರ್ಯರಿಗೆ ಮುನಿಯಾಗಿದ್ದಾಗಲೇ ಭಸ್ಮಕವ್ಯಾಧಿ ತಗುಲಿತೆಂದು ಪರಂಪರೆ ಹೇಳುತ್ತದೆ. ಉಂಡುದೆಲ್ಲವೂ ಕ್ಷಣದಲ್ಲಿ ಭಸ್ಮವಾಗಿ ಹಸಿವು ಮತ್ತೆ ಉರಿಯುವ ರೋಗವದು. ದಿನಕ್ಕೆ ಒಂದೇ ಬಾರಿ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುವ ದಿಗಂಬರ ಮುನಿಗೆ ಇದಕ್ಕಿಂತ ದೊಡ್ಡ ಸಂಕಟ ಯಾವುದಿದ್ದೀತು? ಆಚಾರ್ಯರು ತಮ್ಮ ಗುರುಗಳಲ್ಲಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಅನುಮತಿ ಕೊಡಲಿಲ್ಲ. ಈ ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಇನ್ನೂ ಬಹಳವಿದೆಯೆಂದು ಮನಗಂಡು, ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟು, ರೋಗಕ್ಕೆ ತಕ್ಕ ಆಹಾರ ದೊರೆಯುವಲ್ಲಿಗೆ ಹೋಗಿ, ಗುಣವಾದ ಮೇಲೆ ಮತ್ತೆ ದೀಕ್ಷೆ ತೆಗೆದುಕೊಳ್ಳಬೇಕೆಂದು ಆದೇಶಿಸಿದರು. ಶಿಷ್ಯರು ಹಾಗೆಯೇ ನಡೆದರು. ಗುಣಹೊಂದಿ ಪುನರ್ದೀಕ್ಷೆ ಪಡೆದರು.

ಕಥೆಯ ವಿವರಗಳು ಗ್ರಂಥದಿಂದ ಗ್ರಂಥಕ್ಕೆ ಬೇರೆಯಾಗುತ್ತವೆ. ಕನ್ನಡದಲ್ಲಿ 19ನೆಯ ಶತಮಾನದ ದೇವಚಂದ್ರ ಕವಿಯ ರಾಜಾವಳೀ ಕಥೆಯಲ್ಲಿ ಇದು ಬಂದಿದೆ. ಆದರೆ ಭಸ್ಮಕದ ಪ್ರಸಂಗವು ಅದಕ್ಕಿಂತ ಬಹಳ ಹಿಂದಿನದೆಂಬುದಕ್ಕೆ ಆಧಾರವಿದೆ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ, ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರರನ್ನು ಸ್ತುತಿಸುವಾಗ ಅವರು ಭಸ್ಮಕವನ್ನು ಗೆದ್ದುದನ್ನೂ ಹೇಳಿದೆ. ಅಂದರೆ, ರೋಗ ಬಂದಾಗ ಚಿಕಿತ್ಸೆಗಾಗಿ ಹಿಂದೆ ಸರಿದ ಸಂಗತಿಯನ್ನು ನಮ್ಮ ಹಿರಿಯರು ಮುಚ್ಚಿಡಲಿಲ್ಲ. ಕಲ್ಲಿನ ಮೇಲೆ ಕೆತ್ತಿಸಿ ಕೀರ್ತಿಯೆಂದೇ ಎಣಿಸಿದರು.

ಅದೇ ಆಚಾರ್ಯರು ರತ್ನಕರಂಡಕದಲ್ಲಿ ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ಹೇಳುವಾಗ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೆಸರಿಸಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಮಾರ್ಗವೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಆದುದರಿಂದ ಪರ್ವದ ಉಪವಾಸವನ್ನೂ ಸಲ್ಲೇಖನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಹಾಮುನಿಗೇ ವಿಧಿಸಿದ ಈ ವಿವೇಕವು ಸಂಸಾರದ ಭಾರ ಹೊತ್ತ ಶ್ರಾವಕನಿಗೆ ಎಷ್ಟು ಹೆಚ್ಚಾಗಿ ಅನ್ವಯಿಸಬೇಕು!

೩. ಹನ್ನೆರಡು ಬಾಗಿಲುಗಳು

ತಪವೆಂದರೆ ಉಪವಾಸವೊಂದೇ ಎಂಬುದು ರೂಢಿಯ ತಿಳಿವಳಿಕೆ. ಸೂತ್ರಕಾರರು ಹೇಳಿರುವುದು ಹನ್ನೆರಡು ತಪಗಳನ್ನು. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಆರು ಬಾಹ್ಯ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಆಭ್ಯಂತರ. ಇವುಗಳಲ್ಲಿ ಅನಶನವು ಒಂದು ಬಾಗಿಲು ಮಾತ್ರ. ಆ ಬಾಗಿಲು ದೇಹದ ಕಾರಣದಿಂದ ಮುಚ್ಚಿದವನಿಗೆ ಇನ್ನೂ ಹನ್ನೊಂದು ತೆರೆದಿವೆ.

ಅನಶನದಲ್ಲಿಯೂ ಮೆಟ್ಟಿಲುಗಳಿವೆ. ವಸುನಂದಿ ಶ್ರಾವಕಾಚಾರವು ಪ್ರೋಷಧವನ್ನು ಉತ್ತಮ, ಮಧ್ಯಮ, ಜಘನ್ಯವೆಂದು ಮೂರಾಗಿ ವಿಂಗಡಿಸುತ್ತದೆ. ಸಪ್ತಮಿಯ ಮಧ್ಯಾಹ್ನದಿಂದ ನವಮಿಯ ಮಧ್ಯಾಹ್ನದವರೆಗೆ, ಎಂದರೆ ಹದಿನಾರು ಪ್ರಹರ ಅಥವಾ 48 ಗಂಟೆಗಳ ಕಾಲ, ನಾಲ್ಕು ಬಗೆಯ ಆಹಾರವನ್ನೂ ಬಿಡುವುದು ಉತ್ತಮ. ನೀರನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡುವುದು ಮಧ್ಯಮ. ಏಕಭುಕ್ತ ಮೊದಲಾದವು ಜಘನ್ಯ. ಇಲ್ಲಿ ಜಘನ್ಯವೆಂದರೆ ಹೀನವಲ್ಲ, ಮೊದಲನೆಯ ಮೆಟ್ಟಿಲು. ಅದೂ ಪ್ರೋಷಧವೇ.

ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರವನ್ನು 32 ತುತ್ತು, ಸ್ತ್ರೀಯದನ್ನು 28 ತುತ್ತು ಎಂದು ಮೂಲಾಚಾರವು ಲೆಕ್ಕ ಹಾಕಿದೆ. ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅವಮೌದರ್ಯ ಆರಂಭವಾಯಿತು. ರುಚಿಯಾದ ಅಡಿಗೆ ಎದುರಿಗಿರುವಾಗ ಇನ್ನೊಂದು ತುತ್ತಿನ ಆಸೆಯನ್ನು ತಡೆದು ಕೈ ತೊಳೆಯುವುದು ಎಷ್ಟು ಕಷ್ಟವೆಂಬುದನ್ನು ಮಾಡಿ ನೋಡಿದವರೇ ಬಲ್ಲರು. ಇದನ್ನು ನಿತ್ಯವೂ ಆಚರಿಸಬಹುದು. ಇದರಿಂದ ದೇಹಕ್ಕೆ ತೊಂದರೆಯಾಗುವ ಸಂಭವವೂ ಅತಿ ಕಡಿಮೆ.

ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಿಂದ ಒಂದನ್ನೋ ಹಲವನ್ನೋ ಬಿಡುತ್ತೇವೆ. ಇಲ್ಲಿ ಸೂಕ್ಷ್ಮವಾದ ಒಂದು ವಿವೇಚನೆ ಅಗತ್ಯ. ಮಧುಮೇಹವುಳ್ಳವರು ಪರ್ವಕಾಲದಲ್ಲಿ ‘ಸಿಹಿಯನ್ನು ಬಿಟ್ಟೆ’ ಎಂದರೆ ಅದು ವೈದ್ಯರು ಮೊದಲೇ ವಿಧಿಸಿದ ಪಥ್ಯವೇ ಹೊರತು ತ್ಯಾಗವಲ್ಲ. ಅವರಿಗೆ ನಿಜವಾಗಿ ಪ್ರಿಯವಾದುದು ಕರಿದ ತಿಂಡಿಯಾಗಿದ್ದರೆ ಅದನ್ನು ಬಿಡುವುದೇ ಅವರ ರಸಪರಿತ್ಯಾಗ. ಹಾಗೆಯೇ ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವನು ಉಪ್ಪನ್ನು ಪೂರ್ಣವಾಗಿ ಬಿಡುವುದು ಸಾಹಸ. ಅವನು ತುಪ್ಪವನ್ನೋ ಹಾಲನ್ನೋ ಬಿಡಬಹುದು. ತನ್ನ ಆಸೆ ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ಕೈಯಿಡಬೇಕು; ದೇಹ ಎಲ್ಲಿ ದುರ್ಬಲವಾಗಿದೆಯೋ ಅಲ್ಲಿ ಅಲ್ಲ.

ಕಾಯಕ್ಲೇಶಕ್ಕೂ ಇದೇ ಮಾತು. ತುಮಕೂರಿನ ಹತ್ತಿರದ ಮಂದಾರಗಿರಿಯ ನಾಲ್ಕುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಏರಿ ಬಸದಿಗಳ ದರ್ಶನ ಮಾಡುವುದು ಮೊಣಕಾಲು ಗಟ್ಟಿಯಿರುವವರಿಗೆ ಉಚಿತವಾದ ಶ್ರಮ. ಮಂಡಿನೋವಿನವರು ಬೆಟ್ಟದ ತಪ್ಪಲಿನಲ್ಲಿ, ಪಿಂಛಿಯ ಆಕಾರದಲ್ಲಿ ಕಟ್ಟಿರುವ ಗುರುಮಂದಿರದ ಬಳಿ ಕುಳಿತು ಕಾಯೋತ್ಸರ್ಗ ಮಾಡಬಹುದು. ಮೂರು ಉಸಿರಿಗೆ ಒಂದರಂತೆ ಒಂಬತ್ತು ಬಾರಿ ಣಮೋಕಾರವನ್ನು ಸ್ಮರಿಸಿದರೆ 27 ಉಸಿರುಗಳ ಒಂದು ಕಾಯೋತ್ಸರ್ಗವಾಗುತ್ತದೆ. ಮೇಲೆ ಏರಿದವನ ಮನಸ್ಸು ಕೆಳಗೆ ಬಿಟ್ಟುಬಂದ ವ್ಯವಹಾರದಲ್ಲಿದ್ದು, ಕೆಳಗೆ ಕುಳಿತವರ ಮನಸ್ಸು ಜಿನಚರಣದಲ್ಲಿದ್ದರೆ ಯಾರ ತಪ ಮಿಗಿಲೆಂಬುದನ್ನು ಹೇಳಬೇಕಾಗಿಲ್ಲ.

ಆಭ್ಯಂತರ ತಪಗಳಿಗಂತೂ ದೇಹಬಲವೇ ಪ್ರಧಾನವಲ್ಲ. ಹಾಸಿಗೆ ಹಿಡಿದವರೂ ಸ್ವಾಧ್ಯಾಯವನ್ನು ಕೇಳಬಹುದು, ಅನುಪ್ರೇಕ್ಷೆಯನ್ನು ಚಿಂತಿಸಬಹುದು, ನಡೆದ ದೋಷಗಳಿಗೆ ಆಲೋಚನೆ ಮಾಡಬಹುದು. ಅವರ ಸೇವೆಗೆ ನಿಂತ ಸೊಸೆಯೋ ಮಗನೋ ವೈಯಾವೃತ್ತ್ಯವನ್ನು ಆಚರಿಸುತ್ತಿದ್ದಾರೆ. ಸೂತ್ರದಲ್ಲಿ ವೈಯಾವೃತ್ತ್ಯವನ್ನು ಹೇಳಿರುವುದು ಮುನಿಸಂಘವನ್ನು ಕುರಿತಾದರೂ, ರೋಗಿಯ ಆರೈಕೆಯು ಧರ್ಮಕಾರ್ಯವೆಂಬ ಅದರ ಭಾವವು ಶ್ರಾವಕರ ಮನೆಗೂ ಸಲ್ಲುತ್ತದೆ.

೪. ದೇಹವನ್ನು ಅರಿಯುವುದು

ಶಕ್ತಿಯನ್ನರಿಯದೆ ಶಕ್ತಿಗೆ ತಕ್ಕ ತಪವಿಲ್ಲ. ಜೈನ ಆಚಾರ್ಯರು ವೈದ್ಯವನ್ನು ಕಡೆಗಣಿಸಿದವರಲ್ಲ. ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯನ್ನು ನಿರೂಪಿಸುವ ಕಲ್ಯಾಣಕಾರಕವನ್ನು ಉಗ್ರಾದಿತ್ಯ ಆಚಾರ್ಯರು 9ನೆಯ ಶತಮಾನದಲ್ಲಿಯೇ ಬರೆದರು. ಇಂದಿನ ವೈದ್ಯವಿಜ್ಞಾನವು ಉಪವಾಸದ ಬಗ್ಗೆ ತಿಳಿಸುವ ಕೆಲವು ಸಂಗತಿಗಳನ್ನು ಪ್ರತಿಯೊಂದು ಮನೆಯೂ ಅರಿತಿರಬೇಕು.

ಆಹಾರ ನಿಂತ ಮೇಲೆ ದೇಹವು ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಸಂಗ್ರಹವನ್ನು ಬಳಸುತ್ತದೆ. ಅದು ಸುಮಾರು ಒಂದು ದಿನಕ್ಕೆ ಸಾಕಾಗುತ್ತದೆ. ಬಳಿಕ ಕೊಬ್ಬು ಕರಗಿ ಶಕ್ತಿಯನ್ನು ಒದಗಿಸತೊಡಗುತ್ತದೆ. ಆರೋಗ್ಯವಂತರಿಗೆ ಒಂದು ದಿನದ ಉಪವಾಸವು ಸಾಮಾನ್ಯವಾಗಿ ಅಪಾಯವಲ್ಲ. ನೀರಿನ ಮಾತು ಬೇರೆ. ಅನ್ನಕ್ಕೆ ಇರುವಂತೆ ನೀರಿಗೆ ದೇಹದಲ್ಲಿ ಕೂಡಿಟ್ಟ ಉಗ್ರಾಣವಿಲ್ಲ. ಬಾಯಿ ಒಣಗುವುದು, ಮೂತ್ರದ ಬಣ್ಣ ಗಾಢವಾಗುವುದು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು ನೀರಿನ ಕೊರತೆಯ ಚಿಹ್ನೆಗಳು. ವೃದ್ಧರಲ್ಲಿ ಬಾಯಾರಿಕೆಯ ಅರಿವೇ ಮಂದವಾಗಿರುವುದರಿಂದ ಅವರು ‘ನನಗೇನೂ ದಾಹವಿಲ್ಲ’ ಎಂದರೂ ದೇಹವು ಒಣಗಿರಬಹುದು.

ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆ ಸೇವಿಸುವವರು ಔಷಧ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. 100 ಮಿಲಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಅದನ್ನು ಇಳಿಕೆಯೆಂದು ಪರಿಗಣಿಸುತ್ತಾರೆ. ಕೈ ನಡುಗುವುದು, ತಣ್ಣನೆಯ ಬೆವರು, ಎದೆ ಡವಡವಿಸುವುದು, ಮಾತು ತೊದಲುವುದು ಇದರ ಲಕ್ಷಣಗಳು. ಆಗ ತಡಮಾಡದೆ ಸಕ್ಕರೆಯ ನೀರನ್ನು ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸಕ್ಕೆಂದು ತಾವೇ ಔಷಧವನ್ನು ನಿಲ್ಲಿಸುವುದೂ ಅಷ್ಟೇ ಅಪಾಯ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ಸೇವಿಸುವವರು, ಮೂತ್ರಪಿಂಡದ ಕಾಯಿಲೆಯುಳ್ಳವರು, ಗರ್ಭಿಣಿಯರು, ಮೊಲೆಯೂಡುವ ತಾಯಂದಿರು ನಿರ್ಜಲ ಉಪವಾಸಕ್ಕೆ ಕೈಹಾಕಬಾರದು. ಪರ್ವಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕಂಡು, ಯಾವ ನಿಯಮ ಸಾಧ್ಯ, ಔಷಧದ ಹೊತ್ತು ಹೇಗೆ ಎಂದು ಕೇಳಿಕೊಳ್ಳುವುದು ಲೇಸು.

ಹಲವು ದಿನ ಉಪವಾಸ ಮಾಡಿದವರು ಪಾರಣೆಯಲ್ಲಿಯೂ ಎಚ್ಚರ ತಪ್ಪಬಾರದು. ದೀರ್ಘ ಉಪವಾಸದ ನಂತರ ಒಮ್ಮೆಲೇ ಭಾರಿ ಊಟ ಮಾಡಿದರೆ ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೆ ತೊಂದರೆಯಾಗಬಹುದು. ತೆಳುವಾದ ಗಂಜಿ, ಬೇಳೆಯ ಕಟ್ಟು ಮೊದಲಾದ ಲಘು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ತೆಗೆದುಕೊಳ್ಳುವ ಹಿರಿಯರ ಪದ್ಧತಿ ಇಲ್ಲಿ ಸರ್ವಥಾ ಯುಕ್ತವಾಗಿದೆ.

೫. ಸೋಂಪುರದ ಕಡೆಯ ನಾಲ್ಕು ಮನೆಗಳು

ಈವರೆಗೆ ಹೇಳಿದುದನ್ನು ನಿತ್ಯಜೀವನಕ್ಕೆ ಹೊಂದಿಸಿ ನೋಡೋಣ. ಶಿವಗಂಗೆಯ ಬೆಟ್ಟ, ದಾಬಸ್‌ಪೇಟೆಗಳನ್ನೊಳಗೊಂಡ ಸೋಂಪುರ ಹೋಬಳಿಯು ಹಿಂದೆ ರಾಗಿಯ ಹೊಲಗಳ ನಾಡು. ಈಗ ತುಮಕೂರು ಹೆದ್ದಾರಿಯ ಮಗ್ಗುಲಲ್ಲಿ ಕೈಗಾರಿಕಾ ಪ್ರದೇಶವೂ ಬೆಳೆದಿದೆ; ಹೊಲದ ದುಡಿಮೆ, ಕಾರ್ಖಾನೆಯ ಪಾಳಿ ಎರಡೂ ಅಲ್ಲಿ ಅಕ್ಕಪಕ್ಕದಲ್ಲಿವೆ. ಅಂತಹ ಊರಿನಲ್ಲಿ ನೆಲೆಸಿದ ನಾಲ್ಕು ಶ್ರಾವಕ ಕುಟುಂಬಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ.

ಮೊದಲನೆಯ ಮನೆಯ ಯಜಮಾನನದು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಪಾಳಿ. ಅವನಿಗೆ ಅನಸ್ತಮಿತ ವ್ರತವನ್ನು, ಎಂದರೆ ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಆಸೆ. ಈ ಸೀಮೆಯಲ್ಲಿ ಸೂರ್ಯಾಸ್ತವು ಋತುವಿಗೆ ತಕ್ಕಂತೆ ಸಂಜೆ ಸುಮಾರು 5.50ರಿಂದ 6.50ರವರೆಗೆ ಹಿಂದುಮುಂದಾಗುತ್ತದೆ. ಕಾರ್ಖಾನೆಯ ಬಿಡುವು ಏಳೂವರೆಗೆ ಇದ್ದರೆ ವ್ರತ ಹೇಗೆ? ಅವನು ಪೂರ್ಣ ಊಟವನ್ನು ಒಂದು ಗಂಟೆಗೆ ಮನೆಯಲ್ಲಿ ಮುಗಿಸಿ, ಸಂಜೆಯ ಚಹಾದ ಬಿಡುವಿನಲ್ಲಿ ಬುತ್ತಿಯ ಅವಲಕ್ಕಿಯನ್ನೋ ರೊಟ್ಟಿಯನ್ನೋ ತಿಂದು, ರಾತ್ರಿ ನೀರನ್ನು ಮಾತ್ರ ಉಳಿಸಿಕೊಳ್ಳಬಹುದು. ನೀರನ್ನೂ ಸೇರಿಸಿ ನಾಲ್ಕು ಬಗೆಯ ಆಹಾರವನ್ನೂ ರಾತ್ರಿ ಬಿಡುವ ರಾತ್ರಿಭುಕ್ತಿತ್ಯಾಗವು ರತ್ನಕರಂಡಕದಲ್ಲಿ ಹನ್ನೊಂದು ಪ್ರತಿಮೆಗಳ ಪೈಕಿ ಆರನೆಯದು. ಮೊದಲ ಮೆಟ್ಟಿಲಲ್ಲಿರುವವನು ಆರನೆಯದಕ್ಕೆ ಹಾರಬೇಕಾಗಿಲ್ಲ. ಆದರೆ ಮೊದಲನೆಯದರಲ್ಲೇ ಕುಳಿತಿರಲೂ ಬಾರದು. ರಜೆಯ ದಿನಗಳಲ್ಲಿ ನೀರನ್ನೂ ಬಿಟ್ಟು ಅಭ್ಯಾಸ ಮಾಡುವುದು ಅವನ ಮುಂದಿನ ಹೆಜ್ಜೆ.

ಎರಡನೆಯ ಮನೆಯ ಗೃಹಿಣಿ ಮೊಲೆಗೂಸಿನ ತಾಯಿ. ಮದುವೆಗೆ ಮೊದಲು ಅನಂತ ಚತುರ್ದಶಿಯ ಉಪವಾಸವನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಈ ವರ್ಷ ಏಕಭುಕ್ತವೂ ಆಗುವಂತಿಲ್ಲವೆಂಬ ದುಃಖ ಅವಳಿಗೆ. ಇಂತಹ ಕಡೆ ಅತ್ತೆಯ ಮಾತು ಬಹಳ ದೊಡ್ಡದು. “ಮಗುವಿನ ಹಾಲು ನಿನ್ನೊಬ್ಬಳದಲ್ಲ ಕಣಮ್ಮಾ, ಈ ಸಲ ನೀನು ಒಂದು ಮುಹೂರ್ತ ಸ್ವಾಧ್ಯಾಯಕ್ಕೆ ಕೂತುಕೋ, ಅಷ್ಟು ಹೊತ್ತು ಕೂಸನ್ನು ನಾನು ನೋಡಿಕೊಳ್ತೇನೆ” ಎಂದು ಹಿರಿಯರು ಹೇಳಿದರೆ ಸೊಸೆಗೆ 48 ನಿಮಿಷಗಳ ಸ್ವಾಧ್ಯಾಯ ದೊರೆಯಿತು, ಅತ್ತೆಗೆ ಸೇವೆ ದೊರೆಯಿತು, ಕೂಸಿಗೆ ಹಾಲೂ ತಪ್ಪಲಿಲ್ಲ. ಮನೆಮಂದಿಗೆಲ್ಲ ಬಡಿಸಿ ತಾನು ಮಾತ್ರ ಹಸಿದಿರುವ ಹೆಣ್ಣುಮಗಳಿಗೆ ಅನೇಕ ವೇಳೆ ಬೇಕಾಗಿರುವುದು ಇನ್ನೊಂದು ಉಪವಾಸವಲ್ಲ, ತನ್ನದೆನ್ನಬಹುದಾದ ಒಂದು ಮುಹೂರ್ತ.

ಮೂರನೆಯ ಮನೆಯ ಹಿರಿಯರಿಗೆ ಇಪ್ಪತ್ತು ವರ್ಷದ ಮಧುಮೇಹ. ಹಿಂದೆ ಹತ್ತು ದಿನವೂ ಏಕಭುಕ್ತ ಮಾಡಿದವರೆಂಬ ಹೆಸರಿದೆ. ಆ ಹೆಸರನ್ನು ಉಳಿಸಿಕೊಳ್ಳಲು ಈಗ ಮಾತ್ರೆಯ ವಿಷಯವನ್ನು ಮುಚ್ಚಿಡುತ್ತಾರೆ. ವ್ರತಿಯಾದವನಲ್ಲಿ ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳು ಇರಬಾರದೆಂದು ಸೂತ್ರಕಾರರು ವಿಧಿಸಿದ್ದಾರೆ. ಕಾಯಿಲೆಯನ್ನು ಅಡಗಿಸಿ ಹಿಡಿದ ಉಪವಾಸದಲ್ಲಿ ಮಾಯಾಶಲ್ಯವು ಒಳಗೇ ನಾಟಿರುತ್ತದೆ. ಇವರು ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡು, ಎರಡು ಹೊತ್ತು ಸಾಮಾಯಿಕ ಮಾಡಿ, ಸಂಜೆ ಮನೆಯ ಮಕ್ಕಳಿಗೆ ದಶಲಕ್ಷಣದ ಒಂದೊಂದು ಧರ್ಮವನ್ನು ವಿವರಿಸಿದರೆ ಮನೆಗೆ ದೊರೆಯುವ ಲಾಭ ಹೆಚ್ಚು. ಸ್ವಾಧ್ಯಾಯದ ಐದು ಭೇದಗಳಲ್ಲಿ ಧರ್ಮೋಪದೇಶವೂ ಒಂದಲ್ಲವೇ?

ನಾಲ್ಕನೆಯ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಈಚೆಗೆ ಅವಳ ಉಪವಾಸಗಳು ಹೆಚ್ಚಾಗಿವೆ, ಬಂಧುಗಳು ಹೊಗಳುತ್ತಿದ್ದಾರೆ. ಆದರೆ ಅವಳು ಪಾರಣೆಯನ್ನು ಮುಂದೂಡುತ್ತಾಳೆ, ಕನ್ನಡಿಯ ಮುಂದೆ ಬಹಳ ಹೊತ್ತು ನಿಲ್ಲುತ್ತಾಳೆ, ತೂಕ ಇಳಿದರೆ ಸಂತೋಷಪಡುತ್ತಾಳೆ, ಸ್ವಾಧ್ಯಾಯದ ಕಡೆ ಒಲವಿಲ್ಲ. ತಾಯಿಯಾದವಳು ಇದನ್ನು ಗದರಿಸದೆ, ಹೊಗಳದೆ, ಹತ್ತಿರ ಕೂರಿಸಿಕೊಂಡು ವಿಚಾರಿಸಬೇಕು. ಬೇಕಾದರೆ ವೈದ್ಯರ ನೆರವನ್ನೂ ಪಡೆಯಬೇಕು. ದೇಹದ ಮೋಹವನ್ನು ಕಡಿಮೆ ಮಾಡಬೇಕಾದ ತಪವು ಇಲ್ಲಿ ದೇಹದ ಚಿಂತೆಯನ್ನೇ ಬೆಳೆಸುತ್ತಿದೆ. ಇಂತಹ ಮಗುವಿಗೆ ಉಪವಾಸವನ್ನು ಬಿಡಿಸುವುದೇ ಧರ್ಮ.

೬. ನಿಯಮವನ್ನು ಆರಿಸಿಕೊಳ್ಳುವ ಕ್ರಮ

ರತ್ನಕರಂಡಕದಲ್ಲಿ ಯಮ, ನಿಯಮಗಳ ಭೇದವನ್ನು ಹೇಳಿದೆ. ಜೀವನಪರ್ಯಂತ ಹಿಡಿದುದು ಯಮ. ಕಾಲದ ಮಿತಿಯುಳ್ಳದ್ದು ನಿಯಮ. ನಿಯಮದ ವಿಷಯಗಳೆಂದು ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಉಡುಗೆ, ಆಭರಣ, ಸಂಗೀತಗಳನ್ನು ಎಣಿಸಿ, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಅವಧಿಗಳನ್ನು ಸೂಚಿಸಿದೆ. ಇದು ಎಷ್ಟು ಉದಾರವಾದ ಏರ್ಪಾಡು! ಮೊಬೈಲನ್ನು ಸೂರ್ಯಾಸ್ತದ ಬಳಿಕ ಮುಟ್ಟದಿರುವುದನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ನಿದ್ರೆಗೆಟ್ಟು ಕಣ್ಣುರಿಯುವವರಿಗೆ ಇದರಷ್ಟು ಹಿತವಾದ ಭೋಗೋಪಭೋಗ ಪರಿಮಾಣ ಮತ್ತೊಂದಿಲ್ಲ.

ನಿಯಮವನ್ನು ಆರಿಸುವಾಗ ಈ ಐದು ಸಂಗತಿಗಳನ್ನು ಕ್ರಮವಾಗಿ ವಿಚಾರಿಸಬಹುದು.

ಮೊದಲನೆಯದಾಗಿ, ನನ್ನ ಯಾವ ಕಷಾಯ ಬಲವಾಗಿದೆ? ಕೋಪವೇ, ಮಾನವೇ, ಮಾಯೆಯೇ, ಲೋಭವೇ? ಕೋಪಿಷ್ಠನಿಗೆ ಉಪವಾಸಕ್ಕಿಂತ ಒಂದು ಪ್ರಹರದ ಮೌನ ಹೆಚ್ಚು ಕಠಿಣ. ಹೆಚ್ಚು ಫಲಕಾರಿಯೂ ಹೌದು.

ಎರಡನೆಯದಾಗಿ, ನನ್ನ ದೇಹಸ್ಥಿತಿ, ವಯಸ್ಸು, ದುಡಿಮೆ, ಔಷಧಗಳು ಯಾವುವು? ಇವನ್ನು ಹಿರಿಯರಿಂದಲೂ ವೈದ್ಯರಿಂದಲೂ ಮುಚ್ಚಿಡಬಾರದು.

ಮೂರನೆಯದಾಗಿ, ನನ್ನ ನಿಯಮದ ಭಾರ ಯಾರ ಮೇಲೆ ಬೀಳುತ್ತದೆ? ನನ್ನ ಏಕಭುಕ್ತಕ್ಕಾಗಿ ಇನ್ನೊಬ್ಬರು ನಾಲ್ಕು ಬಗೆ ಅಡಿಗೆ ಮಾಡಬೇಕಾದರೆ ಅದನ್ನು ತಿದ್ದಿಕೊಳ್ಳಬೇಕು.

ನಾಲ್ಕನೆಯದಾಗಿ, ಅವಧಿಯನ್ನೂ ವಿನಾಯಿತಿಯನ್ನೂ ಮೊದಲೇ ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ‘ಈ ಪಕ್ಷದ ಅಷ್ಟಮಿ, ಚತುರ್ದಶಿಗಳಂದು, ನೀರು ಮತ್ತು ಔಷಧಗಳ ಹೊರತು’ ಎಂಬಂತೆ. ಜಿನಬಿಂಬದ ಮುಂದೆ ಅಥವಾ ಗುರುಗಳ ಮುಂದೆ ಸ್ವೀಕರಿಸಿದ ಸಣ್ಣ ನಿಯಮವು ಮನಸ್ಸಿನಲ್ಲೇ ಅಂದುಕೊಂಡ ದೊಡ್ಡ ಸಂಕಲ್ಪಕ್ಕಿಂತ ದೃಢವಾಗಿ ನಿಲ್ಲುತ್ತದೆ.

ಐದನೆಯದಾಗಿ, ಅವಧಿ ಮುಗಿದ ಮೇಲೆ ಪರೀಕ್ಷಿಸಿಕೊಳ್ಳಬೇಕು. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಅಂದರೆ ಧರ್ಮಕ್ರಿಯೆಯಲ್ಲಿ ಆದರವಿಲ್ಲದಿರುವುದು ಮತ್ತು ಅದನ್ನು ಮರೆಯುವುದು, ಸೇರಿವೆ. ಹಸಿವಿನಿಂದ ಸಿಡುಕುತ್ತ, ಗಡಿಯಾರ ನೋಡುತ್ತ, ನಿದ್ದೆಯಲ್ಲಿ ಹೊತ್ತು ಕಳೆದೆನೇ? ಹಾಗಿದ್ದರೆ ಅದು ಆರ್ತಧ್ಯಾನದ ದಿನವಾಯಿತು. ಮುಂದಿನ ಸಲ ಒಂದು ಮೆಟ್ಟಿಲು ಇಳಿಯಬೇಕು. ಪ್ರಸನ್ನತೆಯಿಂದ, ಸುಲಭವಾಗಿ ದಿನ ಕಳೆಯಿತೇ? ಹಾಗಿದ್ದರೆ ಶಕ್ತಿ ಇನ್ನೂ ಉಳಿದಿದೆ. ಒಂದು ಮೆಟ್ಟಿಲು ಏರಬೇಕು.

ನಡುವೆ ಅಸ್ವಸ್ಥರಾಗಿ ಉಪವಾಸವನ್ನು ಬಿಡಬೇಕಾಗಿ ಬಂದರೆ ಕುಗ್ಗಬೇಕಾದುದಿಲ್ಲ. ಆಭ್ಯಂತರ ತಪಗಳಲ್ಲಿ ಮೊದಲನೆಯದೇ ಪ್ರಾಯಶ್ಚಿತ್ತ. ನೀರು ಕುಡಿದು, ವಿಶ್ರಮಿಸಿ, ಗುಣವಾದ ಮೇಲೆ ಗುರುಗಳಲ್ಲಿ ಆಲೋಚನೆ ಮಾಡಿ, ಅವರು ಹೇಳಿದಂತೆ ನಡೆಯುವುದು ಕ್ರಮ. ಮನೆಯವರೂ ನೆರೆಯವರೂ ‘ಮುರಿದಳು’, ‘ಸೋತನು’ ಎಂಬ ಮಾತನ್ನು ಆಡಬಾರದು. ಸಭೆಯಲ್ಲಿ ಉಪವಾಸ ಮಾಡಿದವರನ್ನು ಗೌರವಿಸುವಾಗ, ಸದ್ದಿಲ್ಲದೆ ರೋಗಿಯ ಸೇವೆ ಮಾಡಿದವರನ್ನೂ, ವರ್ಷವಿಡೀ ಸ್ವಾಧ್ಯಾಯ ತಪ್ಪಿಸದವರನ್ನೂ ಸ್ಮರಿಸುವ ರೂಢಿ ಬೆಳೆದರೆ ‘ಜನ ಏನೆಂದಾರು’ ಎಂಬ ಅಂಜಿಕೆಯಿಂದ ಹುಟ್ಟುವ ಉಪವಾಸಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಬರುವ ಪರ್ವದ ಮುನ್ನಾದಿನ ಸಂಜೆ ಮನೆಮಂದಿಯೆಲ್ಲ ಒಂದೆಡೆ ಕುಳಿತು, ಪ್ರತಿಯೊಬ್ಬರೂ ತಮ್ಮ ತಮ್ಮ ನಿಯಮವನ್ನು ಹೇಳಿಕೊಳ್ಳಲಿ. ಒಬ್ಬರದು ಇನ್ನೊಬ್ಬರದನ್ನು ಹೋಲಬೇಕಾಗಿಲ್ಲ. ಅಜ್ಜನದು ಸಾಮಾಯಿಕ, ಮಗನದು ಉಪವಾಸ, ಸೊಸೆಯದು ಸ್ವಾಧ್ಯಾಯ, ಮೊಮ್ಮಗನದು ಕೋಪ ಬಂದಾಗ ಒಂದು ಕಾಯೋತ್ಸರ್ಗ. ಯಾರೂ ಬಲವನ್ನು ಬಚ್ಚಿಡದಿರಲಿ, ಯಾರೂ ಬಲವನ್ನು ಮೀರದಿರಲಿ.

ಸ್ವಾಧ್ಯಾಯಕ್ಕಾಗಿ ಪ್ರಶ್ನೆಗಳು

1. ಹದಿನಾರು ಭಾವನೆಗಳಲ್ಲಿ ‘ಶಕ್ತಿತಃ’ ಎಂಬ ಪದವು ಯಾವ ಎರಡಕ್ಕೆ ಸೇರಿದೆ? ಏಕೆ?

2. ಸಮಂತಭದ್ರ ಆಚಾರ್ಯರ ಗುರುಗಳು ಸಲ್ಲೇಖನಕ್ಕೆ ಅನುಮತಿ ಕೊಡದಿರಲು ಕಾರಣವೇನು? ಅದರಿಂದ ಶ್ರಾವಕನು ಕಲಿಯಬೇಕಾದುದೇನು?

3. ಪಥ್ಯಕ್ಕೂ ರಸಪರಿತ್ಯಾಗಕ್ಕೂ ಇರುವ ಭೇದವನ್ನು ನಿಮ್ಮ ಮನೆಯ ಊಟದ ಉದಾಹರಣೆಯಿಂದ ವಿವರಿಸಿರಿ.

4. ನಿಮ್ಮ ಮನೆಯಲ್ಲಿ ಔಷಧ ಸೇವಿಸುವವರು ಯಾರು? ಪರ್ವಕಾಲದಲ್ಲಿ ಅವರಿಗೆ ತಕ್ಕ ನಿಯಮ ಯಾವುದೆಂದು ಅವರೊಡನೆ ಕುಳಿತು ವಿಚಾರಿಸಿರಿ.

5. ನಿಮ್ಮಲ್ಲಿ ಪ್ರಬಲವಾಗಿರುವ ಕಷಾಯ ಯಾವುದು? ಹನ್ನೆರಡು ತಪಗಳಲ್ಲಿ ಅದನ್ನು ನೇರವಾಗಿ ತಾಗುವಂತಹದು ಯಾವುದು? ಒಂದು ಪಕ್ಷದ ಅವಧಿಗೆ ಅದನ್ನು ನಿಯಮವಾಗಿ ಸ್ವೀಕರಿಸಿ ಪರೀಕ್ಷಿಸಿರಿ.